ಫ್ರೆಂಚ್ ಚಲಚ್ಚಿತ್ರಗಳ ಪಾಠವಿಚಾರ

೧

ಓಲೆಯ ಪ್ರತಿಯೊಂದು ಕೈಗೆ ಬಂದೊಡನೆ ಗ್ರಂಥಸಂಪಾದಕನು ಮೊದಲು ಕೇಳುವ ಪ್ರಶ್ನೆ ಪಾಠವನ್ನು ಕುರಿತುದು, ರಸವಿಚಾರ ಅನಂತರದ್ದು. ಈ ಪ್ರತಿ ಎಲ್ಲಿಂದ ಬಂದಿತು, ಇದರ ಮಾತೃಕೆ ಯಾವುದು, ಲಿಪಿಕಾರನು ಎಲ್ಲಿ ಬಿಟ್ಟಿದ್ದಾನೆ, ಎಲ್ಲಿ ಸೇರಿಸಿದ್ದಾನೆ ಎಂಬುದನ್ನು ತಿಳಿಯದೆ ಕವಿಯ ಗುಣದೋಷಗಳನ್ನು ನಿರ್ಣಯಿಸಹೊರಟರೆ, ಕವಿಗೆ ಸಲ್ಲಬೇಕಾದುದು ಲಿಪಿಕಾರನಿಗೂ, ಲಿಪಿಕಾರನಿಗೆ ಸಲ್ಲಬೇಕಾದುದು ಕವಿಗೂ ಸಂದುಹೋಗುವ ಅಪಾಯವುಂಟು. ಪಂಪ ರನ್ನರ ಕಾವ್ಯಗಳನ್ನು ಪಾಠ ಹೇಳುವ ಅಧ್ಯಾಪಕರೆಲ್ಲರೂ ಇದನ್ನು ಬಲ್ಲರು.

ಚಲಚ್ಚಿತ್ರದ ವಿಷಯದಲ್ಲಿ ಈ ಎಚ್ಚರಿಕೆ ನಮ್ಮಲ್ಲಿ ಇನ್ನೂ ಸಾಕಷ್ಟು ಬೆಳೆದಿಲ್ಲ. ತೆರೆಯ ಮೇಲೆ ಕಂಡುದೇ ನಿರ್ದೇಶಕನು ರಚಿಸಿದುದು ಎಂದು ನಂಬಿ ಆಸ್ವಾದನೆಗೆ ತೊಡಗುವುದು ರೂಢಿಯಾಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಪರೀಕ್ಷಿಸಲು ಫ್ರಾನ್ಸ್ ದೇಶದಲ್ಲಿ ೧೯೩೦ರಿಂದ ೧೯೪೫ರವರೆಗೆ ನಿರ್ಮಿತವಾದ ಚಿತ್ರಗಳಿಗಿಂತ ಉತ್ತಮವಾದ ಕ್ಷೇತ್ರ ದೊರೆಯಲಾರದು. ಆ ಕಾಲದ ಚಿತ್ರಗಳು ಕಲಾಗುಣದಲ್ಲಿ ಅಗ್ರಗಣ್ಯವೆಂದು ಲೋಕವೆಲ್ಲ ಒಪ್ಪಿದೆ. ಆದರೆ ಅವುಗಳಲ್ಲಿ ಹಲವು ಕತ್ತರಿಗೂ ನಿಷೇಧಕ್ಕೂ ಬಾಂಬಿಗೂ ತುತ್ತಾಗಿ, ಮತ್ತೆ ಕೂಡಿಸಲ್ಪಟ್ಟು ನಮ್ಮವರೆಗೆ ಬಂದಿವೆ. ಅವುಗಳ ರಸವಿಚಾರವನ್ನೂ ಪಾಠವಿಚಾರವನ್ನೂ ಒಟ್ಟಿಗೆ ನೋಡಿ, ಅದರಿಂದ ಕನ್ನಡನಾಡಿಗೆ, ಅದರಲ್ಲಿಯೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಗೆ, ಒದಗುವ ಕರ್ತವ್ಯವೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

೨

ಚಲಚ್ಚಿತ್ರಕ್ಕೂ ಫ್ರಾನ್ಸಿಗೂ ಇರುವ ಸಂಬಂಧ ಹುಟ್ಟಿನದು. ಲ್ಯೂಮಿಯೇರ್ ಸಹೋದರರು ೧೮೯೫ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಚಿತ್ರಗಳನ್ನು ಹಣ ಕೊಟ್ಟ ಪ್ರೇಕ್ಷಕರಿಗೆ ತೋರಿಸಿದರು. ೧೮೯೬ರ ಜುಲೈ ೭ರಂದು ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದವು. ಮೂಕಚಿತ್ರಗಳ ಯುಗ ಮುಗಿದು ವಾಕ್ಚಿತ್ರ ಬಂದಾಗ, ಈ ಕಲೆ ಬರಿಯ ಮಾತಿನ ಮಲ್ಲತನವಾಗಿ ಇಳಿದುಹೋದೀತೆಂದು ಹಲವರು ಶಂಕಿಸಿದರು. ರೆನೇ ಕ್ಲೇರನು ೧೯೩೦ರಲ್ಲಿ ತೆಗೆದ "ಪ್ಯಾರಿಸ್ಸಿನ ಮಾಡುಗಳ ಕೆಳಗೆ" ಎಂಬ ಚಿತ್ರದಲ್ಲಿಯೂ, ೧೯೩೧ರ "ನಮಗೆ ಸ್ವಾತಂತ್ರ್ಯ" ಎಂಬ ಚಿತ್ರದಲ್ಲಿಯೂ ಧ್ವನಿಯನ್ನು ಚಿತ್ರದ ದಾಸಿಯನ್ನಾಗಿ ಮಾಡದೆ ಸಖಿಯನ್ನಾಗಿ ಮಾಡಿ ಆ ಶಂಕೆಯನ್ನು ಪರಿಹರಿಸಿದನು.

ಮುಂದಿನ ಹತ್ತು ವರ್ಷಗಳಲ್ಲಿ ಬಂದ ಚಿತ್ರಗಳಿಗೆ ವಿಮರ್ಶಕರು "ಕಾವ್ಯಾತ್ಮಕ ವಾಸ್ತವಿಕತೆ" ಎಂಬ ಹೆಸರನ್ನು ಕೊಟ್ಟಿದ್ದಾರೆ. ಬಂದರುಕಟ್ಟೆ, ರೈಲುನಿಲ್ದಾಣ, ಕಾರ್ಖಾನೆ, ಅಗ್ಗದ ವಸತಿಗೃಹ, ಇವು ಆ ಚಿತ್ರಗಳ ದೇಶ; ಕೂಲಿಕಾರ, ಓಡಿಹೋದ ಸೈನಿಕ, ದೋಣಿಯ ಯಜಮಾನ, ಇವರು ಆ ಚಿತ್ರಗಳ ನಾಯಕರು. ವಸ್ತು ಹೀಗೆ ನಿತ್ಯಜೀವನದಿಂದ ಬಂದರೂ, ನಿರೂಪಣೆಯಲ್ಲಿ ಮಂಜು, ನೆರಳು, ಒದ್ದೆಯಾದ ರಸ್ತೆಯ ಹೊಳಪು, ಒಂದು ಹಾಡಿನ ಎಳೆ, ಇವು ಸೇರಿ ವಾಚ್ಯಾರ್ಥವನ್ನು ಮೀರಿದ ವ್ಯಂಗ್ಯಾರ್ಥವೊಂದು ಹೊಮ್ಮುತ್ತದೆ. ಮಾರ್ಸೆಲ್ ಕಾರ್ನೇ ಎಂಬ ನಿರ್ದೇಶಕನಿಗೆ ಸಂಭಾಷಣೆಯನ್ನು ಬರೆದುಕೊಟ್ಟವನು ಜಾಕ್ ಪ್ರೇವೇರ್ ಎಂಬ ಪ್ರಸಿದ್ಧ ಕವಿ ಎಂಬುದು ಸಾಹಿತ್ಯಾಧ್ಯಾಪಕರು ಗಮನಿಸತಕ್ಕ ಅಂಶ. ಇವರಿಬ್ಬರ "ಮಂಜಿನ ಬಂದರುಕಟ್ಟೆ" ೧೯೩೮ರಲ್ಲಿಯೂ "ಹಗಲು ಮೂಡುತ್ತದೆ" ೧೯೩೯ರಲ್ಲಿಯೂ ಬಂದವು. ಎರಡರಲ್ಲಿಯೂ ಝಾಂ ಗಬೇನನು ನಾಯಕ. ಎರಡರಲ್ಲಿಯೂ ವಿಧಿ ಅವನನ್ನು ಬಿಡುವುದಿಲ್ಲ. ಯುದ್ಧ ಸಮೀಪಿಸುತ್ತಿದ್ದ ದೇಶವೊಂದರ ಮನಸ್ಸಿನಲ್ಲಿ ಕವಿದಿದ್ದ ವಿಷಾದ ಇವುಗಳಲ್ಲಿ ಸ್ಥಾಯಿಯಾಗಿ ನಿಂತಿದೆ.

ಇವುಗಳ ಪೈಕಿ ಎರಡನೆಯದರ ಪಾಠವೂ ಅಪಾಯಕ್ಕೆ ಸಿಕ್ಕಿತ್ತು. ಅದನ್ನು ಅಮೆರಿಕದಲ್ಲಿ ಹೊಸದಾಗಿ ತೆಗೆಯುವ ಹಕ್ಕನ್ನು ಕೊಂಡ ಸಂಸ್ಥೆ, ತನ್ನ ಚಿತ್ರ ೧೯೪೭ರಲ್ಲಿ ಹೊರಬರುವಾಗ ಸ್ಪರ್ಧೆ ಇರಬಾರದೆಂದು ಹಳೆಯ ಚಿತ್ರದ ಪ್ರತಿಗಳನ್ನು ಹುಡುಕಿ ನಾಶಪಡಿಸಲು ಯತ್ನಿಸಿತು. ಕೈಗೆ ಸಿಕ್ಕದೆ ಉಳಿದ ಪ್ರತಿಗಳಿಂದ ಚಿತ್ರ ಬದುಕಿಕೊಂಡಿತು.

೩

ಝಾಂ ವಿಗೋ ಎಂಬ ನಿರ್ದೇಶಕನು ಹುಟ್ಟಿದುದು ೧೯೦೫ರಲ್ಲಿ. ತೀರಿಕೊಂಡುದು ೧೯೩೪ರ ಅಕ್ಟೋಬರ್ ೫ರಂದು, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಶಾಲೆಯ ಹುಡುಗರ ದಂಗೆಯನ್ನು ವಸ್ತುವಾಗುಳ್ಳ ಆತನ "ನಡತೆಗೆ ಸೊನ್ನೆ" ಎಂಬ ಚಿತ್ರವನ್ನು ೧೯೩೩ರಲ್ಲಿ ಸರ್ಕಾರ ನಿಷೇಧಿಸಿತು. ಯುದ್ಧ ಮುಗಿಯುವವರೆಗೂ ಆ ನಿಷೇಧ ತೆರವಾಗಲಿಲ್ಲ. ಆತನ ಏಕಮಾತ್ರ ದೀರ್ಘಚಿತ್ರ ೧೯೩೪ರ "ಲಾತಲಾಂತ್".

ಕಥೆ ಅತ್ಯಂತ ಸರಳ. ಸರಕು ಸಾಗಿಸುವ ದೋಣಿಯ ಯಜಮಾನನೊಬ್ಬನು ಹಳ್ಳಿಯ ಹುಡುಗಿಯನ್ನು ಮದುವೆಯಾಗಿ ದೋಣಿಗೆ ಕರೆತರುತ್ತಾನೆ. ಹೊಳೆಯ ಮೇಲಿನ ಏಕತಾನತೆ ಆಕೆಗೆ ಬೇಸರ ತರುತ್ತದೆ, ಪ್ಯಾರಿಸ್ಸಿನ ಬೆಳಕು ಕರೆಯುತ್ತದೆ, ವಿರಹವಾಗುತ್ತದೆ, ಪುನಸ್ಸಮಾಗಮವಾಗುತ್ತದೆ. ಇಷ್ಟೇ. ಆದರೆ ನೀರಿನೊಳಗೆ ಕಣ್ಣು ತೆರೆದರೆ ಪ್ರಿಯನ ಮುಖ ಕಾಣುವುದೆಂದು ಆಕೆ ಹೇಳಿದ್ದ ಮಾತನ್ನು ನೆನೆದು, ವಿರಹತಪ್ತನಾದ ಗಂಡನು ಹೊಳೆಗೆ ಧುಮುಕಿದಾಗ, ಮದುವೆಯ ಉಡುಗೆಯಲ್ಲಿ ನಗುತ್ತ ತೇಲುವ ಆಕೆಯ ರೂಪ ನೀರಿನಲ್ಲಿ ಮೂಡುವ ಸಂದರ್ಭವುಂಟಷ್ಟೆ, ಅಲ್ಲಿ ವಿಪ್ರಲಂಭಶೃಂಗಾರಕ್ಕೆ ಚಲಚ್ಚಿತ್ರವು ತನ್ನದೇ ಆದ ಒಂದು ಅನುಭಾವವನ್ನು ಕಂಡುಹಿಡಿದಿದೆ. ಮಾತಿನ ಕಾವ್ಯವು ಉಪಮೆಯಿಂದ ಹೇಳಬೇಕಾದುದನ್ನು ಇದು ಕಣ್ಣಿಗೆ ಕಾಣುವಂತೆ ಮಾಡಿದೆ.

ಈ ಚಿತ್ರವನ್ನು ಹಂಚಿಕೆದಾರರು ಒಪ್ಪಲಿಲ್ಲ. ಅವರು ಅದನ್ನು ಕತ್ತರಿಸಿ, ಆಗ ಜನಪ್ರಿಯವಾಗಿದ್ದ ಹಾಡೊಂದನ್ನು ಒಳಗೆ ತುರುಕಿ, ಆ ಹಾಡಿನ ಹೆಸರನ್ನೇ ಚಿತ್ರಕ್ಕಿಟ್ಟು ೧೯೩೪ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದರು. ಹಾಸಿಗೆ ಹಿಡಿದಿದ್ದ ವಿಗೋ ಕೆಲವೇ ವಾರಗಳಲ್ಲಿ ತೀರಿಕೊಂಡನು. ಮುಂದೆ ಬೇರೆ ಬೇರೆ ಪ್ರತಿಗಳಿಂದ ಬೇರೆ ಬೇರೆ ಪಾಠಗಳು ಹುಟ್ಟಿದುವು. ಇಂಗ್ಲೆಂಡಿನ ಚಿತ್ರಸಂಗ್ರಹಾಲಯದಲ್ಲಿ ಉಳಿದಿದ್ದ ಹಳೆಯ ಪ್ರತಿಯೊಂದರ ಸಹಾಯದಿಂದ ೧೯೯೦ರಲ್ಲಿ ಪರಿಷ್ಕೃತ ಪಾಠವೊಂದು ಸಿದ್ಧವಾಯಿತು. ಆಮೇಲೆ ಅದನ್ನೂ ತಿದ್ದಿದ್ದಾರೆ. ಅರುವತ್ತು ವರ್ಷಗಳ ಕಾಲ ಈ ಚಿತ್ರವನ್ನು ಹೊಗಳಿದವರೂ ತೆಗಳಿದವರೂ ಒಂದೇ ಕೃತಿಯನ್ನು ನೋಡಿದ್ದರೆಂದು ಹೇಳುವಂತಿಲ್ಲ. ಪಾಠಾಂತರವೆಂಬುದು ಓಲೆಗರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೪

ಚಿತ್ರಕಾರ ಓಗ್ಯೂಸ್ತ್ ರೆನ್ವಾರನ ಮಗನಾದ ಝಾಂ ರೆನ್ವಾರನ ಎರಡು ಚಿತ್ರಗಳು ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ಯುತ್ತವೆ.

ಮೊದಲನೆಯದು ೧೯೩೭ರ "ಮಹಾಭ್ರಾಂತಿ". ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ ಫ್ರೆಂಚ್ ಅಧಿಕಾರಿಗಳ ಕಥೆ ಇದು. ಬ್ವಾಲ್ದಿಯೋ ಎಂಬ ಫ್ರೆಂಚ್ ಸರದಾರನಿಗೂ ಸೆರೆಯ ಕೋಟೆಯ ಅಧಿಪತಿಯಾದ ರೌಫನ್‌ಸ್ಟೈನ್ ಎಂಬ ಜರ್ಮನ್ ಸರದಾರನಿಗೂ ಕುಲಾಭಿಮಾನ ಒಂದೇ. ದೇಶ ಮಾತ್ರ ಬೇರೆ. ಯಂತ್ರಶಿಲ್ಪಿ ಮಾರೆಶಾಲ್, ಯೆಹೂದ್ಯನಾದ ರೊಸಾಂತಾಲ್, ಇವರಿಬ್ಬರು ತಪ್ಪಿಸಿಕೊಳ್ಳುವಂತೆ ಬ್ವಾಲ್ದಿಯೋ ತನ್ನ ಪ್ರಾಣವನ್ನು ಕೊಡುತ್ತಾನೆ. ಗುಂಡು ಹೊಡೆದವನು ಆ ಜರ್ಮನ್ ಸರದಾರನೇ. ಮಿತ್ರನು ಕಣ್ಣುಮುಚ್ಚಿದ ಮೇಲೆ ಅವನು ಕಿಟಕಿಯ ಬಳಿಗೆ ಹೋಗಿ, ಆ ಕಲ್ಲಿನ ಕೋಟೆಯಲ್ಲಿ ಅರಳಿದ್ದ ಒಂದೇ ಒಂದು ಹೂವನ್ನು ಕತ್ತರಿಸುತ್ತಾನೆ. ಮಾತಿಲ್ಲ, ಅಳುವಿಲ್ಲ. ಒಂದು ಕುಲದ, ಒಂದು ಯುಗದ ಅಂತ್ಯವೆಲ್ಲ ಆ ಕತ್ತರಿಯ ಸದ್ದಿನಲ್ಲಿ ಅಡಗಿದೆ. ಧ್ವನಿ ಕಾವ್ಯದ ಆತ್ಮವೆಂದ ಆನಂದವರ್ಧನನ ಮಾತಿಗೆ ತೆರೆಯ ಮೇಲೆ ದೊರೆತ ಉದಾಹರಣೆ ಇದು.

ಜರ್ಮನಿ ಇಟಲಿಗಳಲ್ಲಿ ನಿಷಿದ್ಧವಾದ ಈ ಚಿತ್ರದ ಮೂಲ ಋಣಪ್ರತಿಯನ್ನು, ಪ್ಯಾರಿಸ್ಸು ಶತ್ರುವಶವಾದ ಮೇಲೆ, ಜರ್ಮನರು ಬರ್ಲಿನ್ನಿಗೆ ಸಾಗಿಸಿದರು. ಯುದ್ಧದ ಕೊನೆಯಲ್ಲಿ ರಷ್ಯದ ಸೈನ್ಯ ಅದನ್ನು ಮಾಸ್ಕೋವಿನ ಕಡೆಗೆ ಒಯ್ದಿತು. ೧೯೬೦ರ ದಶಕದಲ್ಲಿ ಸಂಗ್ರಹಾಲಯಗಳ ನಡುವಣ ವಿನಿಮಯದಲ್ಲಿ ಅದು ಫ್ರಾನ್ಸಿನ ತುಲೂಸಿಗೆ ಬಂದು, ಮೂಲಪ್ರತಿಯೆಂದು ಯಾರೂ ಗುರುತಿಸದೆ ದಶಕಗಳ ಕಾಲ ಕಪಾಟಿನಲ್ಲಿತ್ತು. ೧೯೯೦ರ ದಶಕದಲ್ಲಿ ಗುರುತು ಸಿಕ್ಕಿತು. ಮಠದ ಅಟ್ಟದಲ್ಲಿ ಬೇರೆ ಹೆಸರಿನ ಕಟ್ಟಿನೊಳಗೆ ಕಾವ್ಯದ ಪ್ರತಿ ದೊರೆತ ವೃತ್ತಾಂತಗಳನ್ನು ಕೇಳಿದ ನಮಗೆ ಇದು ಅಪರಿಚಿತವೆನಿಸುವುದಿಲ್ಲ.

ಎರಡನೆಯದು "ಆಟದ ನಿಯಮ". ೧೯೩೯ರ ಜುಲೈ ೭ರಂದು ಪ್ಯಾರಿಸ್ಸಿನಲ್ಲಿ ಇದರ ಪ್ರಥಮ ಪ್ರದರ್ಶನವಾಯಿತು. ಶ್ರೀಮಂತನೊಬ್ಬನ ಹಳ್ಳಿಯ ಬಂಗಲೆಗೆ ಬೇಟೆಯ ವಿನೋದಕ್ಕೆಂದು ಅತಿಥಿಗಳು ಬರುತ್ತಾರೆ. ಮಹಡಿಯ ಮೇಲೆ ಒಡೆಯರ ಪ್ರಣಯಗಳು, ಕೆಳಗೆ ಸೇವಕರ ಪ್ರಣಯಗಳು. ಮೊಲಗಳೂ ಹಕ್ಕಿಗಳೂ ಗುಂಡಿಗೆ ಸಿಕ್ಕಿ ಬೀಳುವ ಬೇಟೆಯ ದೃಶ್ಯ ಮುಂದಾಗಲಿರುವ ಮನುಷ್ಯವಧೆಯ ಸೂಚನೆ. ಕೊನೆಗೆ ನಿರಪರಾಧಿಯೊಬ್ಬನು ತಪ್ಪು ಗುರುತಿನಿಂದ ಸಾಯುತ್ತಾನೆ. ಯಜಮಾನನು ಅದನ್ನು ಆಕಸ್ಮಿಕವೆಂದು ಘೋಷಿಸಿ ಅತಿಥಿಗಳನ್ನು ಒಳಗೆ ಕರೆಯುತ್ತಾನೆ. ಹಾಸ್ಯ ಯಾವ ಕ್ಷಣದಲ್ಲಿ ಬೀಭತ್ಸವಾಯಿತೆಂದು ಪ್ರೇಕ್ಷಕನು ಬೆರಳಿಟ್ಟು ತೋರಿಸಲಾರನು.

ಜನ ಕೆರಳಿದರು. ಚಿತ್ರವನ್ನು ಮತ್ತೆ ಮತ್ತೆ ಕತ್ತರಿಸಲಾಯಿತು. ಯುದ್ಧಾರಂಭವಾದೊಡನೆ ಜನರ ಧೈರ್ಯಗೆಡಿಸುವುದೆಂದು ಸರ್ಕಾರ ನಿಷೇಧಿಸಿತು. ೧೯೪೨ರಲ್ಲಿ ಮೂಲ ಋಣಪ್ರತಿ ಬಾಂಬುದಾಳಿಯಲ್ಲಿ ನಾಶವಾಯಿತು. ಯುದ್ಧಾನಂತರ ಝಾಂ ಗಬೋರಿ, ಜಾಕ್ ದ್ಯುರಾಂ ಎಂಬ ಇಬ್ಬರು ಅಭಿಮಾನಿಗಳು ಪೆಟ್ಟಿಗೆಗಳಲ್ಲಿ ಚದುರಿ ಉಳಿದಿದ್ದ ತುಣುಕುಗಳನ್ನು ಕೂಡಿಸಿ, ರೆನ್ವಾರನ ಸಲಹೆಯನ್ನು ಪಡೆದು, ೧೯೫೯ರಲ್ಲಿ ೧೦೬ ನಿಮಿಷಗಳ ಪಾಠವನ್ನು ಸಿದ್ಧಪಡಿಸಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಪಾಠ ೧೯೩೯ರ ಪ್ರಥಮ ಪ್ರದರ್ಶನದಲ್ಲಿ ನೆರೆದವರು ನೋಡಿದುದಕ್ಕಿಂತ ದೀರ್ಘವಾದುದು. ಎಂದರೆ, ನಾವು ಇಂದು ಲೋಕದ ಅತ್ಯುತ್ತಮ ಚಿತ್ರಗಳಲ್ಲಿ ಒಂದೆಂದು ಎಣಿಸುತ್ತಿರುವುದು ಬಿಡುಗಡೆಯ ದಿನದ ಪ್ರೇಕ್ಷಕರು ಹೀಗೆಯೇ ಕಂಡಿರದ ಸಂಕೀರ್ಣ ಪಾಠ. ಹಲವು ಪ್ರತಿಗಳಿಂದ ಒಳ್ಳೆಯ ಪಾಠವನ್ನು ಆರಿಸಿ ಕಟ್ಟಿದ ನಮ್ಮ ಕಾವ್ಯಗಳ ಮುದ್ರಣಗಳೂ ಹೀಗೆಯೇ ಅಲ್ಲವೆ? ಕರ್ತೃವಿನ ಆಶಯಕ್ಕೆ ಸಮೀಪವಾದುದು, ಕಾಲದ ಓದುಗರು ಕಂಡುದು, ಇವೆರಡೂ ಬೇರೆ ಬೇರೆಯಾದಾಗ ಸಂಪಾದಕನು ಯಾವುದನ್ನು ಹಿಡಿಯಬೇಕೆಂಬ ಹಳೆಯ ಪ್ರಶ್ನೆ ಇಲ್ಲಿ ಹೊಸ ರೂಪದಲ್ಲಿ ಎದ್ದು ನಿಂತಿದೆ.

೫

೧೯೪೦ರ ಜೂನಿನಲ್ಲಿ ಫ್ರಾನ್ಸು ಸೋತಿತು. ರೆನ್ವಾರ್, ಕ್ಲೇರ್ ಮೊದಲಾದವರು ಅಮೆರಿಕಕ್ಕೆ ಹೋದರು. ಆದರೂ ನಾಲ್ಕು ವರ್ಷಗಳ ಆಕ್ರಮಣಕಾಲದಲ್ಲಿ ಸುಮಾರು ೨೨೦ ಕಥಾಚಿತ್ರಗಳು ನಿರ್ಮಿತವಾದುವು. ಅವುಗಳಲ್ಲಿ ೩೦ನ್ನು ತೆಗೆದುದು ಜರ್ಮನರೇ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಕಾಂಟಿನೆಂಟಲ್ ಎಂಬ ಸಂಸ್ಥೆ.

ಆ ಸಂಸ್ಥೆಗಾಗಿ ಆನ್ರಿ ಝಾರ್ಜ್ ಕ್ಲೂಜೋ ೧೯೪೩ರಲ್ಲಿ ತೆಗೆದ ಚಿತ್ರ "ಕಾಡುಕಾಗೆ". ಚಿಕ್ಕ ಊರೊಂದರಲ್ಲಿ ಹೆಸರಿಲ್ಲದ ಪತ್ರಗಳು ಹರಿದಾಡತೊಡಗುತ್ತವೆ. ಒಬ್ಬೊಬ್ಬರ ಗುಟ್ಟೂ ಹೊರಬೀಳುತ್ತದೆ. ಊರೆಲ್ಲ ಪರಸ್ಪರ ಸಂಶಯದ ಗೂಡಾಗುತ್ತದೆ. ಜನರು ನೆರೆಯವರ ಮೇಲೆ ಹೆಸರಿಲ್ಲದ ದೂರುಗಳನ್ನು ಅಧಿಕಾರಿಗಳಿಗೆ ಬರೆಯುತ್ತಿದ್ದ ಕಾಲವದು. ಚಿತ್ರ ಆ ರೋಗವನ್ನೇ ತೋರಿಸಿತೆಂದು ಇಂದಿನ ವಿಮರ್ಶಕರು ಹೇಳುವರು. ಫ್ರೆಂಚರನ್ನು ಹೀನರಾಗಿ ತೋರಿಸಿ ಶತ್ರುವಿಗೆ ನೆರವಾಯಿತೆಂದು ಅಂದಿನ ದೇಶಭಕ್ತರು ಹೇಳಿದರು. ವಿಮೋಚನೆಯ ಬಳಿಕ ಚಿತ್ರಕ್ಕೆ ನಿಷೇಧ ಬಿದ್ದಿತು. ಕ್ಲೂಜೋ ೧೯೪೭ರವರೆಗೆ ಚಿತ್ರ ತೆಗೆಯಲಾಗಲಿಲ್ಲ.

ಕಾರ್ನೇ ಪ್ರೇವೇರರ "ಸಂಜೆಯ ಅತಿಥಿಗಳು" ೧೯೪೨ರದು. ಕಥೆ ೧೪೮೫ರಲ್ಲಿ ನಡೆಯುವುದಾಗಿ ಕಲ್ಪಿತವಾಗಿದೆ. ಸೈತಾನನು ಪ್ರೇಮಿಗಳಿಬ್ಬರನ್ನು ಕಲ್ಲಾಗಿಸುತ್ತಾನೆ. ಆದರೆ ಕಲ್ಲಿನೊಳಗೆ ಅವರ ಹೃದಯ ಮಿಡಿಯುತ್ತಲೇ ಇರುತ್ತದೆ. ಸೋತರೂ ಸಾಯದ ಫ್ರಾನ್ಸಿನ ಹೃದಯವೇ ಅದೆಂದು ಅರ್ಥೈಸಿದವರುಂಟು. ಈ ಅರ್ಥ ಕವಿಯು ಇಟ್ಟುದೋ, ಕೇಳಿದವರು ಕೊಟ್ಟುದೋ? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದೇ ವಾಕ್ಯದ ಕಾರಣಿಕವನ್ನು ನುಡಿಯುವುದನ್ನು ಕೇಳಿದವರಿಗೆ ಈ ಪ್ರಶ್ನೆಯ ಮರ್ಮ ತಿಳಿಯುತ್ತದೆ. ರೈತನು ಅದರಲ್ಲಿ ಮಳೆಯನ್ನು ಕಾಣುತ್ತಾನೆ, ವರ್ತಕನು ಧಾರಣೆಯನ್ನು, ಮತ್ತೊಬ್ಬನು ರಾಜ್ಯದ ಭವಿಷ್ಯವನ್ನು. ಸಂಕಟಕಾಲದ ಸಹೃದಯನು ಕೂಡ ಹೀಗೆಯೇ. ಆತನ ಅವಸ್ಥೆಯೇ ಅರ್ಥದ ಅರ್ಧಭಾಗ. ಇದನ್ನು ಮರೆತು ಎಲ್ಲ ವ್ಯಂಗ್ಯವನ್ನೂ ಕರ್ತೃವಿನ ತಲೆಗೆ ಕಟ್ಟುವುದು ಸಾಹಸವಾದೀತು.

ಇದೇ ಜೋಡಿಯ "ಸ್ವರ್ಗದ ಮಕ್ಕಳು" ಈ ಯುಗಕ್ಕೆ ಕಲಶಪ್ರಾಯ. ಚಿತ್ರೀಕರಣ ೧೯೪೩ರಲ್ಲಿ ನೀಸ್ ಪಟ್ಟಣದಲ್ಲಿ ಆರಂಭವಾಗಿ, ಯುದ್ಧದ ಕಾರಣ ನಿಂತು ನಿಂತು ಸಾಗಿತು. ಯೆಹೂದ್ಯರಾದುದರಿಂದ ರಂಗಶಿಲ್ಪಿ ಟ್ರೌನರನೂ ಸಂಗೀತಕಾರ ಕೋಸ್ಮನೂ ತಲೆಮರೆಸಿಕೊಂಡು ಕೆಲಸಮಾಡಿದರು. ವಿಮೋಚನೆಯಾದ ಮೇಲೆ, ೧೯೪೫ರ ಮಾರ್ಚಿನಲ್ಲಿ, ಮೂರು ಗಂಟೆಗೂ ಮಿಕ್ಕ ಈ ಚಿತ್ರ ಪ್ಯಾರಿಸ್ಸಿನಲ್ಲಿ ತೆರೆಕಂಡಿತು.

ಹೆಸರಿನ "ಸ್ವರ್ಗ" ದೇವಲೋಕವಲ್ಲ. ನಾಟಕಶಾಲೆಯ ಮಾಳಿಗೆಯ ತುತ್ತತುದಿಯಲ್ಲಿ, ಅತ್ಯಲ್ಪ ದರ ಕೊಟ್ಟವರು ಕಿಕ್ಕಿರಿದು ಕೂರುವ ಜಾಗವನ್ನು ಫ್ರೆಂಚರು ಹಾಗೆ ಕರೆಯುವರು. ನಮ್ಮ ಡೇರೆಯ ಟಾಕೀಸುಗಳಲ್ಲಿ "ನೆಲ"ವೆಂಬುದು ಯಾವುದೋ ಅವರಲ್ಲಿ "ಸ್ವರ್ಗ"ವೆಂಬುದು ಅದೇ. ನಟರ ನಿಜವಾದ ಪರೀಕ್ಷಕರು ಅಲ್ಲಿ ಕುಳಿತವರು ಎಂಬುದು ಚಿತ್ರದ ನಿಲವು. ಬೀದಿಯಲ್ಲಿ ಗಾರಾನ್ಸ್ ಎಂಬ ಹೆಂಗಸಿನ ಮೇಲೆ ಕಳವಿನ ಆರೋಪ ಬಂದಾಗ, ಎಲ್ಲವನ್ನೂ ಕಂಡಿದ್ದ ಮೂಕಾಭಿನಯದ ನಟ ಬತೀಸ್ತನು ಒಂದು ಮಾತನ್ನೂ ಆಡದೆ ನಡೆದುದನ್ನೆಲ್ಲ ಅಭಿನಯಿಸಿ ಸಾಕ್ಷ್ಯ ನುಡಿದು ಆಕೆಯನ್ನು ಬಿಡಿಸುತ್ತಾನೆ. ಬಾಯಿಕಟ್ಟಿದ ದೇಶದಲ್ಲಿ ತೆಗೆದ ಚಿತ್ರವೊಂದು ಮೂಕಸಾಕ್ಷ್ಯದಿಂದ ಸತ್ಯ ಗೆದ್ದುದನ್ನು ತೋರಿಸಿದುದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ರಾತ್ರಿಯಿಡೀ ಬಯಲಾಟವನ್ನು ನೋಡಿ, ಪಾತ್ರಧಾರಿಯ ಕಣ್ಣು ಕೈಗಳ ಚಲನೆಯಿಂದಲೇ ಕಥೆಯನ್ನು ಹಿಡಿಯಬಲ್ಲ ನಮ್ಮ ಹಳ್ಳಿಗರಿಗೆ ಈ ದೃಶ್ಯ ಭಾಷ್ಯವಿಲ್ಲದೆ ಅರ್ಥವಾದೀತು.

೬

ಇಷ್ಟೆಲ್ಲ ಹಾವಳಿಯ ನಡುವೆ ಈ ಚಿತ್ರಗಳು ಉಳಿದುದು ಅದೃಷ್ಟದಿಂದಷ್ಟೇ ಅಲ್ಲ. ಆನ್ರಿ ಲಾಂಗ್ಲ್ವಾ, ಝಾರ್ಜ್ ಫ್ರಾಂಝು ಎಂಬ ತರುಣರು ೧೯೩೬ರಲ್ಲಿ ಪ್ಯಾರಿಸ್ಸಿನಲ್ಲಿ ಸಿನೆಮಾತೆಕ್ ಎಂಬ ಚಿತ್ರಭಂಡಾರವನ್ನು ಸ್ಥಾಪಿಸಿದರು. ಆಕ್ರಮಣಕಾಲದಲ್ಲಿ ಲಾಂಗ್ಲ್ವಾ ಚಿತ್ರಗಳ ಪ್ರತಿಗಳನ್ನು ಬಚ್ಚಿಟ್ಟು ಕಾಪಾಡಿದನು. ಹಾಗೆ ಉಳಿದುದನ್ನು ನೋಡಿ ಬೆಳೆದವರೇ ಮುಂದೆ ಫ್ರಾನ್ಸಿನ ಹೊಸ ಅಲೆಯ ನಿರ್ದೇಶಕರಾದರು.

ಭಾರತಕ್ಕೆ ಈ ಪರಂಪರೆಯ ಸಂಬಂಧ ಉಂಟಾದುದು ಕಲ್ಕತ್ತೆಯ ಮೂಲಕ. ಅಲ್ಲಿಯ ಚಿತ್ರಸಮಾಜ ೧೯೪೭ರಲ್ಲಿ ಹುಟ್ಟಿತು. ೧೯೪೯ರಲ್ಲಿ "ದಿ ರಿವರ್" ಚಿತ್ರಕ್ಕಾಗಿ ಸ್ವತಃ ರೆನ್ವಾರನೇ ಬಂಗಾಳಕ್ಕೆ ಬಂದನು. ತರುಣ ಸತ್ಯಜಿತ್ ರಾಯರು ಆತನೊಡನೆ ಸ್ಥಳಗಳನ್ನು ನೋಡುತ್ತ ತಿರುಗಾಡಿದರು. ೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರ ಸ್ಥಾಪಿತವಾಯಿತು, ಪಿ. ಕೆ. ನಾಯರ್ ಅವರು ಅದನ್ನು ಕಟ್ಟಿ ಬೆಳಸಿದರು. ಕನ್ನಡನಾಡಿನಲ್ಲಿ ಬೆಂಗಳೂರಿನ ಸುಚಿತ್ರಾ ೧೯೭೧ರಲ್ಲಿಯೂ, ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜ ೧೯೭೩ರಲ್ಲಿಯೂ ಆರಂಭವಾದುವು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಲೋಕದ ಶ್ರೇಷ್ಠಚಿತ್ರಗಳನ್ನು ಅಡಕೆ ಬೆಳೆಗಾರರಿಗೂ ಕೂಲಿಗಳಿಗೂ ತೋರಿಸಿ, ರಸಗ್ರಹಣಕ್ಕೆ ನಗರವಾಸ ಅರ್ಹತೆಯಲ್ಲವೆಂಬುದನ್ನು ಪ್ರಯೋಗದಿಂದಲೇ ಸ್ಥಾಪಿಸಿದರು.

೭

ಇನ್ನು ನಮ್ಮ ಮನೆಯ ಲೆಕ್ಕ. "ಲಾತಲಾಂತ್" ಬಿಡುಗಡೆಯಾದ ೧೯೩೪ನೆಯ ಇಸವಿಯಲ್ಲಿಯೇ, ಮಾರ್ಚ್ ೩ರಂದು, ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನಾ" ಬೆಂಗಳೂರಿನಲ್ಲಿ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಮುಖ್ಯ ಪಾತ್ರಧಾರಿಗಳು, ಚಿತ್ರೀಕರಣ ಕೊಲ್ಹಾಪುರದಲ್ಲಿ. ಒಂದೇ ವರ್ಷದ ಎರಡು ಕೃತಿಗಳಲ್ಲಿ ಫ್ರೆಂಚ್ ಕೃತಿ ಗಾಯಗೊಂಡು ಬದುಕಿತು. ಕನ್ನಡ ಕೃತಿಯ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಚಲಚ್ಚಿತ್ರದ ಆದಿಕಾವ್ಯ ಹೆಸರಾಗಿ ಮಾತ್ರ ನಿಂತಿದೆ. ಆ ಕಾಲದ ಚಿತ್ರಸುರುಳಿ ಬೇಗ ಉರಿಯುವ, ತಾನಾಗಿಯೇ ಕೊಳೆಯುವ ವಸ್ತು. ಅದರಲ್ಲಿದ್ದ ಬೆಳ್ಳಿಗಾಗಿ ಹಳೆಯ ಸುರುಳಿಗಳನ್ನು ಕರಗಿಸುವುದೂ ದೇಶದಲ್ಲೆಲ್ಲ ನಡೆಯಿತು. ಆದರೆ ಫ್ರಾನ್ಸಿನಲ್ಲಿಯೂ ಸುರುಳಿ ಅದೇ ವಸ್ತುವಿನದಾಗಿತ್ತು. ಭೇದವಿದ್ದುದು ಕಾಯುವವರಲ್ಲಿ.

ಕಾಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವನ್ನು ಬ್ಯೂಲರ್ ಪಂಡಿತನು ಪ್ರಕಟಿಸಿ ಶತಮಾನ ಕಳೆಯಿತು. ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯವೊಂದರಲ್ಲಿಯೇ ಮೂವತ್ತಕ್ಕೂ ಮಿಕ್ಕ ಶಾಸನಗಳಿವೆ. ಕೊಟ್ಟೂರಿನ ಕಡೆಯ ಅಂಬಳಿ, ತುಂಗಭದ್ರಾತೀರದ ಕುರುವತ್ತಿ, ಪ್ರಾಚೀನ ಕೋಗಳಿನಾಡು, ಎಲ್ಲವೂ ಶಾಸನಸಮೃದ್ಧ. ಮದರಾಸು ಆಧಿಪತ್ಯದ ಕನ್ನಡ ಶಾಸನಗಳ ಸಂಪುಟದ ಮೊದಲ ಭಾಗ ೧೯೩೯ರಲ್ಲಿಯೂ ಎರಡನೆಯದು ೧೯೪೧ರಲ್ಲಿಯೂ ಹೊರಬಂದುವು. "ಆಟದ ನಿಯಮ" ಛಿದ್ರವಾದ ವರ್ಷದಲ್ಲಿಯೇ ಬಳ್ಳಾರಿ ಜಿಲ್ಲೆಯ ಶಿಲಾಪಾಠಗಳು ಅಚ್ಚಿನಲ್ಲಿ ಭದ್ರವಾದುವು.

ಕಲ್ಲಿಗೆ ದೊರೆತ ಈ ರಕ್ಷಣೆ ಕಾಗದಕ್ಕೂ ಸುರುಳಿಗೂ ದೊರೆಯಬೇಕಾಗಿದೆ. ಕೊಟ್ಟೂರಿನ ತೇರು, ಮೈಲಾರ ಕುರುವತ್ತಿಗಳ ಜಾತ್ರೆ, ಇವು ಆಟ ನೋಟಗಳಿಗೆ ಜನ ಕೂಡುವ ನೆಲೆಗಳು. ೧೯೧೮ರ ಸಿನೆಮಟೋಗ್ರಾಫ್ ಕಾಯಿದೆಯಂತೆ ಚಿತ್ರಪ್ರದರ್ಶನಕ್ಕೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದಾಗಿತ್ತು. ಆದುದರಿಂದ ಇಲ್ಲಿಯ ಡೇರೆ ಸಿನಿಮಾದ ಚರಿತ್ರೆಯ ಮೊದಲ ಆಧಾರವನ್ನು ಜಿಲ್ಲೆಯ ಕಡತಗಳಲ್ಲಿ ಹುಡುಕಬೇಕು. ಆ ಕಡತಗಳ ದಾರಿಯೂ ಸುಗಮವಲ್ಲ. ೧೯೫೩ರ ಅಕ್ಟೋಬರ್ ೧ರವರೆಗೆ ಈ ತಾಲ್ಲೂಕುಗಳು ಮದರಾಸಿಗೆ ಸೇರಿದ್ದುವು. ಆಮೇಲೆ ಮೈಸೂರಿಗೆ ಸೇರಿದುವು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆಗೆ ಹೋಗಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸಂದುವು. ಗಡಿ ಬದಲಾದಾಗಲೆಲ್ಲ ಕಡತಗಳು ಸ್ಥಳಾಂತರಗೊಳ್ಳುವುದು, ಕೆಲವು ದಾರಿಯಲ್ಲಿಯೇ ಕಳೆದುಹೋಗುವುದು ಸಹಜ.

ಇದಲ್ಲದೆ, ಚಿತ್ರಗಳ ಹಾಡಿನ ಪುಸ್ತಕಗಳು, ಜಾತ್ರೆಯ ಕರಪತ್ರಗಳು, ಬಯಲಾಟದ ಮಾಸ್ತರರ ಕೈಬರಹದ ಪ್ರತಿಗಳು, ನಾಟಕ ಕಂಪನಿಗಳ ಭಿತ್ತಿಪತ್ರಗಳು ಮನೆಮನೆಯ ಟ್ರಂಕುಗಳಲ್ಲಿ ಸಿಕ್ಕಬಹುದಾದ ಸಾಮಗ್ರಿ. ಶಾಲಾಕಾಲೇಜುಗಳ ಅಧ್ಯಾಪಕರು ತಮ್ಮ ತಮ್ಮ ಊರಿನ ಮಟ್ಟಿಗೆ ಇವುಗಳ ಪಟ್ಟಿಯನ್ನಾದರೂ ಮಾಡಿಟ್ಟರೆ ಮುಂದಿನವರಿಗೆ ಮಾತೃಕೆಯಾದೀತು. "ಆಟದ ನಿಯಮ"ವನ್ನು ಕೂಡಿಸಿದ ಇಬ್ಬರು ಅರಸರ ಆಶ್ರಿತರಲ್ಲ, ದೊಡ್ಡ ಪದವಿಯವರೂ ಅಲ್ಲ. ಬೇರೆಯವರು ಬೇಡವೆಂದ ಪೆಟ್ಟಿಗೆಗಳನ್ನು ತೆರೆದು ನೋಡುವ ತಾಳ್ಮೆ ಅವರಿಗಿತ್ತು. ಹಳೆಯ ಫ್ರೆಂಚ್ ಚಿತ್ರವೊಂದನ್ನು ನೋಡಿ ಆನಂದಿಸುವ ಸಹೃದಯನು ಆ ತಾಳ್ಮೆಗೂ ಋಣಿ. ಆ ಋಣವನ್ನು ತೀರಿಸುವ ಸ್ಥಳ ಪ್ಯಾರಿಸ್ಸಲ್ಲ. ಕೂಡ್ಲಿಗಿಯ, ಹಡಗಲಿಯ, ನಮ್ಮ ಊರುಗಳ ಅಟ್ಟಗಳು.